ಸೋತ ತಂಡದ ಸೋಲದ ಬೌಲರ್: ಧಾರವಾಡದಲ್ಲಿ ಜನಿಸಿದ ಪಲ್ವಣಕರ ಬಾಳೂ

1911ರ ಬೇಸಿಗೆಯಲ್ಲಿ ಅಖಿಲ ಭಾರತ ತಂಡ ಎಂಬ ಹೆಸರು ಹೊತ್ತ ಕ್ರಿಕೆಟ್ ತಂಡವೊಂದು ಮೊಟ್ಟಮೊದಲ ಬಾರಿಗೆ ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ತಂಡದ ನಾಯಕನಿಗೆ ಹತ್ತೊಂಬತ್ತು ವರ್ಷ. ಆಟಗಾರರಲ್ಲಿ ಹಲವರು ಒಬ್ಬರೊಡನೊಬ್ಬರು ಹಿಂದೆಂದೂ ಒಂದೇ ತಂಡದಲ್ಲಿ ಆಡಿದವರಲ್ಲ. ಆಡಿದ 23 ಪಂದ್ಯಗಳಲ್ಲಿ 15ನ್ನು ಸೋತು ಆ ತಂಡ ತಾಯ್ನಾಡಿಗೆ ಮರಳಿತು. ಆದರೆ ಅದೇ ತಂಡದ ಒಬ್ಬ ಬೌಲರ್ ಆ ಒಂದು ಋತುವಿನಲ್ಲಿ 114 ವಿಕೆಟ್ ಉರುಳಿಸಿ, ಇಂಗ್ಲೆಂಡಿನ ಕೌಂಟಿ ತಂಡಗಳ ದಾಂಡಿಗರಿಂದ ಗೌರವ ಸಂಪಾದಿಸಿದ್ದರು. ಅವರೇ ಪಲ್ವಣಕರ ಬಾಳೂ. ಕ್ರಿಕೆಟ್ ದಾಖಲೆಗಳ ಪ್ರಕಾರ ಅವರು ಜನಿಸಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ.

ಇಂದಿನ ಗದಗ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರಲ್ಲಿ. ಅಲ್ಲಿಯವರೆಗೆ ರೋಣ ತಾಲ್ಲೂಕಿನ ಅಬ್ಬಿಗೇರಿಯಾಗಲಿ, ನರಗುಂದವಾಗಲಿ, ಗಜೇಂದ್ರಗಡವಾಗಲಿ ಧಾರವಾಡ ಜಿಲ್ಲೆಯ ಊರುಗಳೇ ಆಗಿದ್ದವು. ಆ ಲೆಕ್ಕದಲ್ಲಿ ಬಾಳೂ ನಮ್ಮ ಜಿಲ್ಲೆಯ ನೆಲದಲ್ಲಿ ಕಣ್ಣು ತೆರೆದವರು. ಸುಗ್ಗಿ ಮುಗಿದ ಮೇಲೆ ಎರೆಹೊಲದಲ್ಲಿ ಮೂರು ಕೋಲು ನೆಟ್ಟು ಆಡುವ ಅಬ್ಬಿಗೇರಿಯ ಹುಡುಗರಿಗೆ ಕಪಿಲ್ ದೇವ್, ತೆಂಡೂಲ್ಕರ್, ದ್ರಾವಿಡ್ ಹೆಸರುಗಳು ಗೊತ್ತು. ಅವರೆಲ್ಲರಿಗಿಂತ ಬಹಳ ಹಿಂದೆ, ಭಾರತಕ್ಕೆ ಟೆಸ್ಟ್ ಮಾನ್ಯತೆಯೇ ಇಲ್ಲದ ಕಾಲದಲ್ಲಿ, ದೇಶದ ಮೊದಲ ದೊಡ್ಡ ಬೌಲರ್ ಎನಿಸಿಕೊಂಡ ವ್ಯಕ್ತಿಯ ಹೆಸರು ಮಾತ್ರ ಈ ಭಾಗದಲ್ಲಿ ಅಪರೂಪಕ್ಕೆ ಕೇಳಿಬರುತ್ತದೆ.

ಸಿಪಾಯಿಯ ಮಗ

ಬಾಳೂ ಅವರ ಮನೆತನದ ಮೂಲ ಕೊಂಕಣ ಕರಾವಳಿಯ ಪಲ್ವಣ ಎಂಬ ಗ್ರಾಮ. ಪಲ್ವಣಕರ ಎಂಬ ಅಡ್ಡಹೆಸರು ಬಂದದ್ದು ಅಲ್ಲಿಂದಲೇ. ತೊಗಲಿನ ಕೆಲಸವನ್ನು ಕುಲಕಸುಬಾಗಿ ಉಳ್ಳ, ಮರಾಠಿಯಲ್ಲಿ ಚಾಂಭಾರ ಎಂದು ಕರೆಯಲ್ಪಡುವ ಸಮುದಾಯಕ್ಕೆ ಸೇರಿದ ಕುಟುಂಬ ಅದು. ನಮ್ಮ ಕಡೆಯ ಸಮಗಾರರಂತೆಯೇ ಆ ಸಮುದಾಯವನ್ನೂ ಅಂದಿನ ಸಮಾಜ ಅಸ್ಪೃಶ್ಯವೆಂದು ದೂರವಿಟ್ಟಿತ್ತು. ಕ್ರಿಕೆಟ್ ಚೆಂಡು ತೊಗಲಿನದು. ಅದನ್ನು ಹೊಲಿಯುವ ಕೈಗಳಿಗೆ ಅದನ್ನು ಎಸೆಯುವ ಅಧಿಕಾರವಿರಲಿಲ್ಲ.

ತಂದೆ ಬ್ರಿಟಿಷ್ ಸೈನ್ಯದಲ್ಲಿ ಸಿಪಾಯಿಯಾಗಿದ್ದರು. ಕುಲದ ಕಟ್ಟುಪಾಡುಗಳಿಂದ ತುಸು ಹೊರಗೆ ಉಸಿರಾಡಲು ಅಂದು ಇದ್ದ ಕೆಲವೇ ದಾರಿಗಳಲ್ಲಿ ಸೈನ್ಯದ ನೌಕರಿಯೂ ಒಂದು. ತಂದೆಯ ನೌಕರಿಯಿಂದಾಗಿ ಕುಟುಂಬ ಪುಣೆಯಲ್ಲಿ ನೆಲೆಸಿತು. ದಂಡಿನ ಅಧಿಕಾರಿಗಳು ಬಳಸಿ ಬಿಸುಟ ಬ್ಯಾಟು, ಚೆಂಡುಗಳಿಂದಲೇ ಬಾಳೂ ಮತ್ತು ತಮ್ಮ ಶಿವರಾಮ ಆಟದ ಮೊದಲ ಪಾಠ ಕಲಿತರು. ಗಣಪತ, ವಿಠ್ಠಲ ಎಂಬ ಇನ್ನಿಬ್ಬರು ತಮ್ಮಂದಿರೂ ಮುಂದೆ ಅದೇ ಹಾದಿ ಹಿಡಿದರು.

ಬಡತನದಿಂದಾಗಿ ಓದು ಹೆಚ್ಚು ಸಾಗಲಿಲ್ಲ. ಬಾಳೂ ಅವರಿಗೆ ಸಿಕ್ಕ ಮೊದಲ ಕೆಲಸ ಪುಣೆಯಲ್ಲಿ ಪಾರ್ಸಿಗಳ ಕ್ರಿಕೆಟ್ ಮೈದಾನದ ಕಸಗುಡಿಸಿ, ಪಿಚ್ಚಿಗೆ ಉರುಳುಗಲ್ಲು ಎಳೆಯುವುದು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರಲ್ಲಿ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿಕೊಂಡಾಗ ಅದು ನಾಲ್ಕು ರೂಪಾಯಿ ಆಯಿತು. ಅಲ್ಲಿಯೂ ನೆಟ್ಟು ಕಟ್ಟುವುದು, ಪಿಚ್ಚಿಗೆ ಸುಣ್ಣದ ಗೆರೆ ಎಳೆಯುವುದು, ಟೆನಿಸ್ ಅಂಗಳ ಸಿದ್ಧಪಡಿಸುವುದೇ ಅವರ ಕೆಲಸ.

ಎಂಟು ಆಣೆಯ ವಿಕೆಟ್

ಕ್ಲಬ್ಬಿನ ಇಂಗ್ಲಿಷ್ ಸದಸ್ಯರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುವವರು ಬೇಕಾಗಿದ್ದರು. ಕೆಲಸದ ಹುಡುಗ ಆಗಾಗ ಎಸೆದ ಚೆಂಡು ನೇರ ಬರದೆ ತಿರುಗುವುದನ್ನು ಅವರು ಗಮನಿಸಿದರು. ಬಾಳೂ ಎಡಗೈ ನಿಧಾನಗತಿಯ ಬೌಲರ್. ಚೆಂಡನ್ನು ಎರಡೂ ಕಡೆಗೆ ತಿರುಗಿಸುವುದು, ಹಾರಾಟವನ್ನು ಹಿಗ್ಗಿಸಿ ಕುಗ್ಗಿಸಿ ದಾಂಡಿಗನನ್ನು ಮುಂದಕ್ಕೆ ಸೆಳೆಯುವುದು, ಗಂಟೆಗಟ್ಟಲೆ ಒಂದೇ ಜಾಗಕ್ಕೆ ಎಸೆಯುವುದು ಅವರಿಗೆ ಸಾಧಿಸಿತು.

ಕ್ಲಬ್ಬಿನ ಅತ್ಯುತ್ತಮ ದಾಂಡಿಗ ಸೇನಾಧಿಕಾರಿ ಜೆ.ಜಿ. ಗ್ರೇಗ್. ಇಂಗ್ಲೆಂಡಿನಲ್ಲಿ ಹ್ಯಾಂಪ್‌ಶೈರ್ ಪರ ಆಡಿದ ಈ ಗ್ರೇಗ್, ಅಭ್ಯಾಸದಲ್ಲಿ ತಮ್ಮನ್ನು ಔಟ್ ಮಾಡಿದಾಗಲೆಲ್ಲ ಬಾಳೂ ಅವರಿಗೆ ಎಂಟು ಆಣೆ ಕೊಡುತ್ತಿದ್ದರೆಂಬುದು ಪ್ರಸಿದ್ಧ ಸಂಗತಿ. ವಾರಕ್ಕೆ ಎರಡು ಬಾರಿ ಗ್ರೇಗ್ ವಿಕೆಟ್ ದಕ್ಕಿದರೂ ತಿಂಗಳ ಸಂಬಳದಷ್ಟೇ ಹಣ ಕೈಸೇರುತ್ತಿತ್ತು. ಆದರೆ ಒಂದು ಮಿತಿಯನ್ನು ಮಾತ್ರ ಯಾರೂ ಸಡಿಲಿಸಲಿಲ್ಲ. ವರ್ಷಗಳ ಕಾಲ ನೂರಾರು ಗಂಟೆ ಚೆಂಡೆಸೆದರೂ ಆ ನೆಟ್ಟಿನಲ್ಲಿ ಬಾಳೂ ಅವರ ಕೈಗೆ ಒಮ್ಮೆಯೂ ಬ್ಯಾಟು ಕೊಡಲಿಲ್ಲ. ಬ್ಯಾಟು ಹಿಡಿಯುವುದು ದೊಡ್ಡವರ ಪಾಲು, ಬೆವರಿಳಿಸಿ ಎಸೆಯುವುದು ಆಳಿನ ಪಾಲು ಎಂಬುದು ಅಂದಿನ ಆಟದ ಒಳನಿಯಮ.

ಮಣ್ಣಿನ ಕುಡಿಕೆಯ ಚಹಾ

ಯುರೋಪಿಯನ್ನರನ್ನು ಮಣಿಸಬೇಕೆಂಬ ಹಂಬಲ ಪುಣೆಯ ಹಿಂದೂ ಕ್ರಿಕೆಟ್ ಸಂಘಕ್ಕಿತ್ತು. ಯುರೋಪಿಯನ್ನರನ್ನೇ ಕಾಡುತ್ತಿದ್ದ ಬೌಲರ್ ಊರಲ್ಲೇ ಇದ್ದರು. ಅವರನ್ನು ತಂಡಕ್ಕೆ ಸೇರಿಸಿಕೊಳ್ಳಬೇಕೇ ಬೇಡವೇ ಎಂಬುದೇ ದೊಡ್ಡ ವಾದವಾಯಿತು. ಕೆಲವು ತೆಲುಗು ಸದಸ್ಯರು ಸೇರಿಸಿಕೊಳ್ಳಬೇಕೆಂದರು, ಸ್ಥಳೀಯ ಬ್ರಾಹ್ಮಣ ಸದಸ್ಯರಲ್ಲಿ ಕೆಲವರು ಒಪ್ಪಲಿಲ್ಲ. ಕಡೆಗೆ ಗೆಲುವಿನ ಆಸೆ ಮಡಿವಂತಿಕೆಗಿಂತ ಮೇಲಾಯಿತು. ಬಾಳೂ ಹಿಂದೂ ತಂಡದ ಆಟಗಾರರಾದರು.

ಮೈದಾನದೊಳಗೆ ಎಲ್ಲರೂ ಮುಟ್ಟಿದ ಚೆಂಡನ್ನೇ ಅವರೂ ಮುಟ್ಟುತ್ತಿದ್ದರು. ಗೆರೆ ದಾಟಿ ಹೊರಬಂದೊಡನೆ ಜಾತಿ ಎದುರಾಗುತ್ತಿತ್ತು. ಚಹಾದ ವಿರಾಮದಲ್ಲಿ ಇತರ ಆಟಗಾರರು ಒಳಗೆ ಕುಳಿತು ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿದರೆ, ಬಾಳೂ ಅವರಿಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ಎಲೆ, ಬೇರೆ ಜಾಗ. ಕೈ ತೊಳೆಯಲು ನೀರು ಹಾಕುವುದಕ್ಕೂ ಅಸ್ಪೃಶ್ಯನೆನಿಸಿದ ಆಳೇ ಬರಬೇಕು. ಮುಂಜಾನೆಯಿಂದ ತಂಡವನ್ನು ಗೆಲುವಿನತ್ತ ಒಯ್ದ ಮನುಷ್ಯ ಮಧ್ಯಾಹ್ನ ಒಬ್ಬನೇ ಕುಳಿತು ಉಣ್ಣುತ್ತಿದ್ದ ಕಾಲವದು.

ಸಾತಾರಾದ ಯುರೋಪಿಯನ್ ಜಿಮ್ಖಾನಾ ವಿರುದ್ಧದ ಪಂದ್ಯ ಈ ಗೋಡೆಯಲ್ಲಿ ಮೊದಲ ಬಿರುಕು ಮೂಡಿಸಿತು. ಬಾಳೂ ಅವರ ಎಸೆತ ತಿರುಗದಿರಲೆಂದು ಅತಿಥೇಯರು ವಾರಗಟ್ಟಲೆ ಉರುಳುಗಲ್ಲು ಆಡಿಸಿ ಪಿಚ್ಚನ್ನು ಗಟ್ಟಿ ಮಾಡಿದ್ದರು. ಆದರೂ ಬಾಳೂ ಏಳು ವಿಕೆಟ್ ಪಡೆದರು. ಅವರನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಲಾಯಿತು. ಪುಣೆಗೆ ಮರಳಿದ ಮೇಲೆ ನಡೆದ ಸಭೆಯಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು ಬಾಳೂ ಅವರಿಗೆ ಮಾಲೆ ಹಾಕಿದರು. ಜೊತೆಗೆ ಆಡಲು ಅಡ್ಡಿಯಿಲ್ಲದವರಿಗೆ ಜೊತೆಗೆ ಉಣ್ಣಲು ಏನಡ್ಡಿ ಎಂಬರ್ಥದಲ್ಲಿ ಹಿಂದೂ ಆಟಗಾರರನ್ನು ಎಚ್ಚರಿಸಿದರು. ಬಾಲ ಗಂಗಾಧರ ತಿಲಕರೂ ಸಾರ್ವಜನಿಕವಾಗಿ ಬಾಳೂ ಅವರನ್ನು ಹೊಗಳಿದರು.

1906ರ ಜಯಭೇರಿ

1896ರ ಸುಮಾರಿಗೆ ಪುಣೆಯಲ್ಲಿ ಪ್ಲೇಗ್ ಹಬ್ಬಿತು. ಬಾಳೂ ಮುಂಬೈ ಸೇರಿದರು. ಅಲ್ಲಿನ ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾದಲ್ಲಿ ಅವರಿಗೆ ಸ್ಥಾನ ದೊರೆಯಿತು. ಅಲ್ಲಿಯೂ ಆಕ್ಷೇಪಗಳು ಬಂದವು, ಅವೂ ಅವರ ಬೌಲಿಂಗ್ ಮುಂದೆ ತಣ್ಣಗಾದವು. ಮುಂದೆ ರೈಲ್ವೆಯಲ್ಲಿ ನೌಕರಿ ದೊರೆತು ರೈಲ್ವೆ ತಂಡಕ್ಕೂ ಆಡಿದರು.

1906ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ಹಿಂದೂ ತಂಡ ಹಾಗೂ ಯುರೋಪಿಯನ್ ತಂಡಗಳ ನಡುವೆ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಜಯದ ಅಂತರ 109 ರನ್. ಎರಡೂ ಸರದಿಗಳಲ್ಲಿ ಸೇರಿ ಬಾಳೂ ಎಂಟು ವಿಕೆಟ್ ಪಡೆದರು. ತಮ್ಮ ಶಿವರಾಮ ಕೂಡ ತಂಡದಲ್ಲಿದ್ದರು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಈ ಸುದ್ದಿ ಸ್ವದೇಶಿ ಚಳವಳಿಯ ಆ ದಿನಗಳಲ್ಲಿ ದೇಶದ ನಾನಾ ಭಾಗಗಳಲ್ಲಿ ಸಂಭ್ರಮವನ್ನುಂಟುಮಾಡಿತು.

ಕೆ. ನಟರಾಜನ್ ಅವರ ಸಂಪಾದಕತ್ವದ ಇಂಡಿಯನ್ ಸೋಷಿಯಲ್ ರಿಫಾರ್ಮರ್ ಪತ್ರಿಕೆ ಈ ಗೆಲುವನ್ನು ಬೇರೆಯೇ ಕಣ್ಣಿನಿಂದ ನೋಡಿತು. ಪುಣೆಯಲ್ಲಿ ಆಟಕ್ಕೆ ಮಾತ್ರ ಸಿಕ್ಕ ಸಮಾನತೆ ಮುಂಬೈಯಲ್ಲಿ ಊಟದ ಪಂಕ್ತಿಗೂ ವಿಸ್ತರಿಸಿದ್ದನ್ನು ಅದು ಎತ್ತಿ ತೋರಿಸಿತು. ಅಸ್ಪೃಶ್ಯರೆನಿಸಿದವರನ್ನು ಸರಿಸಮನಾಗಿ ಕಂಡುದರ ಫಲವೇ ಈ ಜಯ ಎಂಬುದು ಆ ಬರಹದ ಸಾರ. ಮರುವರ್ಷವೂ ಹಿಂದೂ ತಂಡ ಯುರೋಪಿಯನ್ನರನ್ನು ಮಣಿಸಿತು.

ಪಾಲು ಹಂಚಿ ಕಟ್ಟಿದ ತಂಡ

1886 ಮತ್ತು 1888ರಲ್ಲಿ ಪಾರ್ಸಿ ತಂಡಗಳು ಇಂಗ್ಲೆಂಡಿಗೆ ಹೋಗಿದ್ದವು. ಎಲ್ಲ ಸಮುದಾಯಗಳನ್ನೂ ಒಳಗೊಂಡ ತಂಡವನ್ನು ಕಳಿಸುವ ಯತ್ನಗಳು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ನಡೆದು, ಯಾರಿಗೆ ಎಷ್ಟು ಸ್ಥಾನ, ಯಾರು ನಾಯಕ ಎಂಬ ಜಗ್ಗಾಟದಲ್ಲಿ ಮುರಿದುಬಿದ್ದಿದ್ದವು. 1911ರಲ್ಲಿ ರಾಜರು ಹಾಗೂ ಉದ್ಯಮಿಗಳ ಧನಸಹಾಯದಿಂದ ಅದು ಕೈಗೂಡಿತು. ಆರು ಪಾರ್ಸಿಗಳು, ಐವರು ಹಿಂದೂಗಳು, ಮೂವರು ಮುಸ್ಲಿಮರು ಎಂದು ಧರ್ಮವಾರು ಲೆಕ್ಕ ಹಾಕಿ ಆಟಗಾರರನ್ನು ಆರಿಸಲಾಯಿತು. ಎಲ್ಲರ ಮೇಲೆ ನಾಯಕರಾಗಿ ಪಟಿಯಾಲಾದ ಸಿಖ್ ಮಹಾರಾಜ ಭೂಪಿಂದರ್ ಸಿಂಗ್.

ಹಿಂದೂಗಳ ಪಾಲಿನ ಐವರಲ್ಲಿ ಇಬ್ಬರು, ಅಂದರೆ ಬಾಳೂ ಮತ್ತು ಶಿವರಾಮ, ಅಸ್ಪೃಶ್ಯರೆನಿಸಿದ ಕುಲದವರು. ದೇಶದ ಅಸಂಖ್ಯ ದೇವಾಲಯಗಳ ಬಾಗಿಲು ಅಂಥವರಿಗೆ ಮುಚ್ಚಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಉಳಿದ ಮೂವರಲ್ಲಿ ಎಂ.ಡಿ. ಪೈ, ವಿಕೆಟ್ ಕೀಪರ್ ಶೇಷಾಚಾರಿ ಹಾಗೂ ನಮ್ಮ ಬೆಂಗಳೂರಿನ ಬಿ. ಜಯರಾಮ್ ಇದ್ದರು. ಮುಸ್ಲಿಂ ಆಟಗಾರರು ಅಲೀಗಢದ ಕಾಲೇಜಿನ ಮೈದಾನದಲ್ಲಿ ಪಳಗಿದ ತರುಣರು. ಪಾರ್ಸಿಗಳಲ್ಲಿ ಡಾ. ಎಚ್.ಡಿ. ಕಾಂಗಾ, ಕೆ.ಎಂ. ಮಿಸ್ತ್ರಿ, ವಾರ್ಡನ್ ಮುಂತಾದ ಹೆಸರಾಂತರಿದ್ದರು.

ಕಾಗದದ ಮೇಲೆ ತಂಡ ಚೆನ್ನಾಗಿಯೇ ಇತ್ತು. ಆದರೆ ತವರಿನಲ್ಲಿ ಇವರೆಲ್ಲ ಪರಸ್ಪರ ಎದುರಾಳಿಗಳು. ಮುಂಬೈಯ ಪಂದ್ಯಾವಳಿಯಲ್ಲಿ ಹಿಂದೂ ತಂಡವೆಂದರೆ ಪಾರ್ಸಿಗಳ ವೈರಿ. ಒಬ್ಬರ ಆಟದ ಗುಣ ಇನ್ನೊಬ್ಬರಿಗೆ ಗೊತ್ತಿದ್ದುದು ಎದುರು ನಿಂತು ನೋಡಿದಷ್ಟೇ. ಮೂರು ದಿನಗಳ ಪಂದ್ಯಗಳನ್ನು ವಾರವಾರವೂ, ಊರಿಂದೂರಿಗೆ ರೈಲಿನಲ್ಲಿ ತಿರುಗುತ್ತ ಆಡಿದ ಅನುಭವ ಹೆಚ್ಚಿನವರಿಗೆ ಇರಲಿಲ್ಲ.

ಸೋಲಿನ ಸರಮಾಲೆ

ಜೂನ್ ತಿಂಗಳ ಆರಂಭದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡದ ಎದುರು ಮೊದಲ ಪಂದ್ಯ. ವಿದ್ಯಾರ್ಥಿಗಳ ತಂಡದ ಕೈಯಲ್ಲೇ ಸೋಲು. ಲಾರ್ಡ್ಸ್ ಅಂಗಳದಲ್ಲಿ ಎಂಸಿಸಿ ತಂಡದ ಎದುರು ಇನಿಂಗ್ಸ್ ಸೋಲು. ಅಲ್ಲಿ ಕೂಡ ಬಾಳೂ ನಾಲ್ಕು ವಿಕೆಟ್ ಪಡೆದಿದ್ದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸಿನಲ್ಲಿ 103 ರನ್‌ಗಳಿಗೆ ಎಂಟು ವಿಕೆಟ್ ಕಿತ್ತರೂ ತಂಡ ಗೆಲ್ಲಲಿಲ್ಲ. ಬೌಲರ್ ಒಬ್ಬ ಎಷ್ಟೇ ದುಡಿದರೂ ದಾಂಡಿಗರು ರನ್ ಕೂಡಿಸದಿದ್ದರೆ, ಬಂದ ಕ್ಯಾಚುಗಳು ಕೈಜಾರಿದರೆ ಆಗುವುದೇ ಇದು.

ನಾಯಕತ್ವದ ಕೊರತೆ ಬೇಗನೆ ಎದ್ದು ಕಂಡಿತು. ಜೂನ್ 22ರಂದು ಲಂಡನ್ನಿನಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯ ಪಟ್ಟಾಭಿಷೇಕ. ತರುಣ ಮಹಾರಾಜರಿಗೆ ದರ್ಬಾರು, ಔತಣ, ಭೇಟಿಗಳ ಸೆಳೆತ. ಅವರು ಆಡಿದ್ದು ಬೆರಳೆಣಿಕೆಯ ಪಂದ್ಯಗಳನ್ನು ಮಾತ್ರ. ತಂಡದ ಅತ್ಯುತ್ತಮ ದಾಂಡಿಗರಲ್ಲೊಬ್ಬರಾದ ಮಿಸ್ತ್ರಿ ಮಹಾರಾಜರ ಪರಿವಾರದವರು. ಹಾಗಾಗಿ ಅವರ ಸೇವೆಯೂ ತಂಡಕ್ಕೆ ಹೆಚ್ಚು ದಕ್ಕಲಿಲ್ಲ. ನಾಯಕನೂ ಇಲ್ಲ, ನೆಚ್ಚಿನ ದಾಂಡಿಗನೂ ಇಲ್ಲ ಎಂಬ ಸ್ಥಿತಿಯಲ್ಲಿ ಉಳಿದವರೇ ಋತುವನ್ನು ಮುಂದೂಡಬೇಕಾಯಿತು. ಮೈದಾನದಲ್ಲಿ ತಂಡವನ್ನು ನಡೆಸುವ ಹೊಣೆ ಕಾಂಗಾ ಅವರ ಪಾಲಿಗೆ ಬಂತು.

ಆ ವರ್ಷ ಇಂಗ್ಲೆಂಡಿನಲ್ಲಿ ಎಂದಿಲ್ಲದ ಬಿಸಿಲು. ಮಳೆ ಬಿದ್ದು ಮೆತ್ತಗಾದ ಪಿಚ್ಚು ನಿಧಾನಗತಿಯ ಬೌಲರನ ಗೆಳೆಯ. ಒಣಗಿ ಕಲ್ಲಾದ ಪಿಚ್ಚು ದಾಂಡಿಗನ ಗೆಳೆಯ. ಮೂವತ್ತೈದರ ಬಾಳೂ ಇಂಥ ಪಿಚ್ಚುಗಳ ಮೇಲೆ ದಿನವಿಡೀ ಎಸೆಯುತ್ತಿದ್ದರು. ತಂಡದಲ್ಲಿ ಬೇರೆ ಬೌಲರುಗಳಿದ್ದರೂ ಕಷ್ಟ ಬಂದಾಗ ಚೆಂಡು ಸೇರುತ್ತಿದ್ದುದು ಅವರ ಕೈಯನ್ನೇ.

ಜುಲೈ ನಡುವಿನ ಹೊತ್ತಿಗೆ ಲೀಸ್ಟರ್ ಊರಿನಲ್ಲಿ ಸರಪಳಿ ತುಂಡಾಯಿತು. ಲೀಸ್ಟರ್‌ಶೈರ್ ಕೌಂಟಿಯ ವಿರುದ್ಧ ಬಾಳೂ ಎರಡು ಸರದಿಗಳಲ್ಲಿ ಹನ್ನೊಂದು ವಿಕೆಟ್ ಪಡೆದರು. ಭಾರತ ತಂಡ ಏಳು ವಿಕೆಟ್‌ಗಳಿಂದ ಗೆದ್ದಿತು. ಕೌಂಟಿ ತಂಡವೊಂದರ ಮೇಲೆ ದೊರೆತ ಈ ಜಯ ಸೊರಗಿದ್ದ ಆಟಗಾರರಲ್ಲಿ ಜೀವ ತುಂಬಿತು. ಅನಂತರ ಟಾಂಟನ್‌ನಲ್ಲಿ ಸಾಮರ್ಸೆಟ್ ವಿರುದ್ಧ ಒಂದೇ ವಿಕೆಟ್ ಉಳಿದಿದ್ದಾಗ ಗುರಿ ಮುಟ್ಟಿ ಗೆದ್ದರು. ಅಲ್ಲಿ ಅಜೇಯ ಶತಕ ಬಾರಿಸಿ ದಡ ಸೇರಿಸಿದವರು ತಮ್ಮ ಶಿವರಾಮ. ಅದೇ ಪಂದ್ಯದಲ್ಲಿ ಶತಕ ಹೊಡೆದ ಬಜಾನಾ ಎಂಬ ಆಟಗಾರ ಮುಂದೆ ಸಾಮರ್ಸೆಟ್ ಕೌಂಟಿಗೇ ಆಡಲು ಉಳಿದುಕೊಂಡರು.

ಪ್ರವಾಸದ ಪ್ರಥಮ ದರ್ಜೆಯ 14 ಪಂದ್ಯಗಳಲ್ಲಿ ತಂಡ ಗೆದ್ದದ್ದು ಇವೆರಡನ್ನೇ. ಹತ್ತರಲ್ಲಿ ಸೋಲು, ಎರಡು ಡ್ರಾ. ಒಂದು ಗೆಲುವು ಅಣ್ಣನ ಬೌಲಿಂಗಿನಿಂದ, ಇನ್ನೊಂದು ತಮ್ಮನ ಬ್ಯಾಟಿನಿಂದ ಬಂತೆಂಬುದನ್ನು ಗಮನಿಸಬೇಕು. ಎಲ್ಲ ಪಂದ್ಯಗಳನ್ನೂ ಲೆಕ್ಕ ಹಿಡಿದರೆ ಬಾಳೂ ಪಡೆದ ವಿಕೆಟ್‌ಗಳು 114. ಒಂದೊಂದು ವಿಕೆಟ್‌ಗೆ ಕೊಟ್ಟ ರನ್ ಸರಾಸರಿ ಹತ್ತೊಂಬತ್ತಕ್ಕಿಂತ ಕಡಿಮೆ. ಸೋಲುವ ತಂಡದ ಬೌಲರನಿಗೆ ಎದುರಾಳಿಯ ಎರಡನೆಯ ಸರದಿ ಎಷ್ಟೋ ಸಲ ದಕ್ಕುವುದೇ ಇಲ್ಲ. ಅದನ್ನು ನೆನೆದಾಗ ಈ ಅಂಕಿಯ ತೂಕ ಇನ್ನೂ ಹೆಚ್ಚುತ್ತದೆ.

ಕೈಗೆಟುಕದ ನಾಯಕತ್ವ

ಮುಂಬೈಗೆ ಮರಳಿದ ಬಾಳೂ ಅವರಿಗೆ ಶೋಷಿತ ಸಮುದಾಯಗಳ ಜನ ಸನ್ಮಾನ ಏರ್ಪಡಿಸಿದರು. ಆಗ ಮುಂಬೈಯಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಅವರಿಗೆ ಬಾಳೂ ಆರಾಧ್ಯ ವ್ಯಕ್ತಿಯಾಗಿದ್ದರು. ತಮ್ಮಂಥ ಕುಲದಲ್ಲಿ ಹುಟ್ಟಿ ಇಡೀ ದೇಶದ ಮೆಚ್ಚುಗೆ ಪಡೆದ ಇನ್ನೊಬ್ಬ ವ್ಯಕ್ತಿ ಅಂದಿನ ಮುಂಬೈಯಲ್ಲಿ ಅವರ ಕಣ್ಣೆದುರು ಇರಲಿಲ್ಲ.

1912ರಿಂದ ಹಿಂದೂ, ಪಾರ್ಸಿ, ಮುಸ್ಲಿಂ ಹಾಗೂ ಯುರೋಪಿಯನ್ ತಂಡಗಳ ಚತುಷ್ಕೋನ ಪಂದ್ಯಾವಳಿ ಆರಂಭವಾಯಿತು. 1913ರಲ್ಲಿ ಬಾಳೂ, ಶಿವರಾಮ, ಗಣಪತ, ವಿಠ್ಠಲ ಹೀಗೆ ನಾಲ್ವರು ಸಹೋದರರೂ ಹಿಂದೂ ತಂಡದಲ್ಲಿ ಒಟ್ಟಿಗೆ ಆಡಿದರು. ಅನುಭವದಲ್ಲಿ, ಸಾಧನೆಯಲ್ಲಿ, ಆಟದ ತಿಳಿವಳಿಕೆಯಲ್ಲಿ ಬಾಳೂ ಅವರನ್ನು ಮೀರಿಸುವವರು ಆ ತಂಡದಲ್ಲಿರಲಿಲ್ಲ. ಆದರೂ ನಾಯಕ ಪಟ್ಟ ಎಂ.ಡಿ. ಪೈ ಅವರಿಗೆ ಸಂದಿತು. ಈ ಗೌರವ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಿತ್ತೆಂದು ಪೈ ಅವರೇ ತಮ್ಮ ಸನ್ಮಾನ ಸಭೆಯೊಂದರಲ್ಲಿ ಒಪ್ಪಿಕೊಂಡರು. ಆಯ್ಕೆಗಾರರ ಮನಸ್ಸು ಮಾತ್ರ ಬದಲಾಗಲಿಲ್ಲ. ವಿಕೆಟ್ ಬೇಕಾದಾಗ ಬಾಳೂ ಬೇಕು, ಸವರ್ಣರಿಗೆ ಆಜ್ಞೆ ನೀಡುವ ಸ್ಥಾನಕ್ಕೆ ಬಾಳೂ ಬೇಡ. ಮಣ್ಣಿನ ಕುಡಿಕೆ ಹೋಗಿತ್ತು, ಅದರ ಹಿಂದಿನ ಭಾವನೆ ಉಳಿದಿತ್ತು.

1920ರಲ್ಲಿ ಈ ಅಸಮಾಧಾನ ಸ್ಫೋಟಗೊಂಡಿತು. ಆ ವರ್ಷ ಬಾಳೂ ಅವರನ್ನು ತಂಡದಿಂದ ಕೈಬಿಡಲಾಗಿತ್ತು. ಅಸ್ವಸ್ಥರಾದ ಪೈ ಮೊದಲ ಪಂದ್ಯಕ್ಕೆ ಲಭ್ಯರಾಗದಿದ್ದಾಗ, ತಂಡದ ಶ್ರೇಷ್ಠ ದಾಂಡಿಗ ವಿಠ್ಠಲ ಅವರನ್ನು ಬಿಟ್ಟು, ಕಿರಿಯರಾದ ಡಿ.ಬಿ. ದೇವಧರ ಅವರಿಗೆ ನಾಯಕತ್ವ ವಹಿಸಲಾಯಿತು. ವಿಠ್ಠಲ ಮತ್ತು ಶಿವರಾಮ ತಂಡದಿಂದ ಹೊರನಡೆದರು. ಜಾತಿಯ ಕಾರಣಕ್ಕಾಗಿ ತಮ್ಮನ್ನು ಕಡೆಗಣಿಸಲಾಗಿದೆಯೆಂದು ಪತ್ರಿಕಾ ಹೇಳಿಕೆಯ ಮೂಲಕ ಬಹಿರಂಗವಾಗಿ ದೂರಿದರು. ಅಸ್ಪೃಶ್ಯತೆ ನಿವಾರಣೆಯ ಮಾತನ್ನು ಗಾಂಧೀಜಿ ದೇಶದೆಲ್ಲೆಡೆ ಆಡುತ್ತಿದ್ದ ವರ್ಷವದು. ಜನಾಭಿಪ್ರಾಯ ಸಹೋದರರ ಕಡೆ ನಿಂತಿತು. ಅಂತಿಮ ಪಂದ್ಯಕ್ಕೆ ಸಹೋದರರನ್ನು ಮರಳಿ ಕರೆಯಲಾಯಿತು. ಬಾಳೂ ಉಪನಾಯಕರಾದರು. ಪಂದ್ಯದ ನಡುವೆ ಪೈ ಕೆಲಕಾಲ ಮೈದಾನ ತೊರೆದಾಗ ತಂಡವನ್ನು ನಡೆಸಿದವರು ಅವರೇ. ನಲವತ್ತನಾಲ್ಕರ ವಯಸ್ಸಿನಲ್ಲಿ ಅವರಿಗೆ ದಕ್ಕಿದ ನಾಯಕತ್ವ ಅಷ್ಟೇ.

ಅಣ್ಣನಿಗೆ ಸಿಗದ್ದು ತಮ್ಮನಿಗೆ ಸಿಕ್ಕಿತು. 1923ರಲ್ಲಿ ವಿಠ್ಠಲ ಅವರು ಹಿಂದೂ ತಂಡದ ನಾಯಕರಾದರು, ಅದೇ ವರ್ಷ ತಂಡ ಚತುಷ್ಕೋನ ಪ್ರಶಸ್ತಿಯನ್ನು ಗೆದ್ದಿತು. ಸವರ್ಣ ಪ್ರೇಕ್ಷಕರೇ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ವಿಠ್ಠಲ ಅವರು 1948ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ಆತ್ಮಕಥೆ ಈ ಕುಟುಂಬದ ಹೋರಾಟಕ್ಕೆ ಒಳಗಿನಿಂದ ದೊರೆತ ಸಾಕ್ಷ್ಯ.

ಚುನಾವಣೆಯ ಕಣದಲ್ಲಿ

ಆಟದಿಂದ ನಿವೃತ್ತರಾದ ಬಾಳೂ ಸಾರ್ವಜನಿಕ ಜೀವನಕ್ಕೆ ಬಂದರು. ಮೈದಾನದಲ್ಲಿ ಬೆರೆತು ಆಡಿ ಗೆದ್ದ ಅನುಭವ ಅವರ ರಾಜಕೀಯ ನಿಲುವನ್ನೂ ರೂಪಿಸಿದಂತಿದೆ. ಶೋಷಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬ ಅಂಬೇಡ್ಕರ್ ಅವರ ಬೇಡಿಕೆಯನ್ನು ಅವರು ಒಪ್ಪದೆ, ಮದ್ರಾಸಿನ ಎಂ.ಸಿ. ರಾಜಾ ಅವರೊಂದಿಗೆ ಸಂಯುಕ್ತ ಮತಕ್ಷೇತ್ರದ ಪರ ನಿಂತರು. 1932ರ ಸೆಪ್ಟೆಂಬರಿನಲ್ಲಿ ಯರವಡಾ ಕಾರಾಗೃಹದಲ್ಲಿ ಗಾಂಧೀಜಿಯವರ ಉಪವಾಸದ ಸಂದರ್ಭದಲ್ಲಿ ಆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಕೂಡ ಒಬ್ಬರು. 1933ರಲ್ಲಿ ಮುಂಬೈ ನಗರಪಾಲಿಕೆಗೆ ಹಿಂದೂ ಮಹಾಸಭೆಯ ಅಭ್ಯರ್ಥಿಯಾಗಿ ಸ್ಪರ್ಧಿಸಿ ಸೋತರು.

1937ರ ಮುಂಬೈ ಪ್ರಾಂತ್ಯದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಅವರನ್ನು ಸ್ವತಃ ಅಂಬೇಡ್ಕರ್ ಅವರ ಎದುರು ನಿಲ್ಲಿಸಿತು. ಅಂದು ಧಾರವಾಡ ಜಿಲ್ಲೆಯೂ ಅದೇ ಪ್ರಾಂತ್ಯದಲ್ಲಿದ್ದುದರಿಂದ ನಮ್ಮ ಭಾಗದ ಪ್ರತಿನಿಧಿಗಳೂ ಕುಳಿತ ಸಭೆಯದು. ಒಂದು ಕಾಲದ ಅಭಿಮಾನಿ ಮತ್ತು ಅಂದಿನ ಆರಾಧ್ಯ ವ್ಯಕ್ತಿ ಮುಖಾಮುಖಿಯಾದ ಈ ಸ್ಪರ್ಧೆ ಇಬ್ಬರಿಗೂ ಹಿತವಾದುದಾಗಿರಲಾರದು. ಅಂಬೇಡ್ಕರ್ 13,245 ಮತ ಪಡೆದು ಗೆದ್ದರು. ಬಾಳೂ ಅವರಿಗೆ 11,225 ಮತಗಳು ಬಂದವು. ಕಾಲ ಯಾರ ದಾರಿಯನ್ನು ಎತ್ತಿಹಿಡಿಯಿತೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಆ ಸೋಲಿನಿಂದಾಗಿಯೇ ಬಾಳೂ ಅವರ ಹೆಸರು ಎರಡೂ ಕಡೆ ಅನಾಥವಾಯಿತು. ಅಂಬೇಡ್ಕರ್ ಅನುಯಾಯಿಗಳಿಗೆ ಅವರು ಎದುರಾಳಿ, ಕ್ರಿಕೆಟ್ ಪ್ರಿಯರಿಗೆ ಟೆಸ್ಟ್ ಆಡದ ಹಳಬ.

ಉಳಿದ ನೆನಪು

ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಅದೇ ಲಾರ್ಡ್ಸ್ ಅಂಗಳದಲ್ಲಿ. ಆಗ ಬಾಳೂ ಅವರಿಗೆ 56 ವರ್ಷ. ಅವರು ಆಡಿದ ಪ್ರಥಮ ದರ್ಜೆಯ ಪಂದ್ಯಗಳು 33 ಮಾತ್ರ. ಪಡೆದ ವಿಕೆಟ್‌ಗಳು 179, ಸರಾಸರಿ 15.21. 1955ರ ಜುಲೈ 4ರಂದು ಅವರು ಮುಂಬೈಯಲ್ಲಿ ನಿಧನರಾದರು. ಅನಂತರದ ದಶಕಗಳಲ್ಲಿ ಅವರ ನೆನಪು ಮಸುಕಾಯಿತು. ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ಅವರು 2002ರಲ್ಲಿ ಪ್ರಕಟಿಸಿದ ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಇತಿಹಾಸದ ಗ್ರಂಥದಿಂದಾಗಿ ಹೊಸ ತಲೆಮಾರಿಗೆ ಅವರ ಪರಿಚಯವಾಯಿತು. 1911ರ ಪ್ರವಾಸದ ಕುರಿತೇ ಪ್ರಶಾಂತ್ ಕಿದಂಬಿ ಅವರ ಗ್ರಂಥ 2019ರಲ್ಲಿ ಬಂದಿತು.

ಬಾಳೂ ಅವರ ಎಡಗೈ ಸ್ಪಿನ್ ಪರಂಪರೆ ಈ ಸೀಮೆಗೆ ಅಪರಿಚಿತವಲ್ಲ. ಗದಗಿನಲ್ಲಿ ಹುಟ್ಟಿ, ಅಭ್ಯಾಸಕ್ಕಾಗಿ ಹುಬ್ಬಳ್ಳಿಗೆ ರೈಲಿನಲ್ಲಿ ಓಡಾಡಿ, ಮುಂದೆ ಭಾರತದ ಪರ 15 ಟೆಸ್ಟ್ ಆಡಿದ ಸುನೀಲ್ ಜೋಶಿ ಕೂಡ ಎಡಗೈ ಸ್ಪಿನ್ನರ್. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಕೇವಲ ಆರು ರನ್ ಕೊಟ್ಟು ಐದು ವಿಕೆಟ್ ಪಡೆದ ಅವರ ಸಾಧನೆಯನ್ನು ಜಿಲ್ಲೆಯ ಜನ ಇಂದಿಗೂ ನೆನೆಯುತ್ತಾರೆ. ಹಳೆಯ ಧಾರವಾಡ ಜಿಲ್ಲೆಯ ಎಡಗೈ ಬೌಲರುಗಳ ಪಟ್ಟಿ ಬರೆಯುವುದಾದರೆ ಅದರ ಮೊದಲ ಸಾಲಿನಲ್ಲಿ ಬಾಳೂ ಹೆಸರೇ ಇರಬೇಕು.

1911ರ ತಂಡದ ಕಥೆಯಿಂದ ಇಂದಿನ ಶಾಲಾ ಕಾಲೇಜು ತಂಡಗಳು ಕಲಿಯಬೇಕಾದ್ದೂ ಇದೆ. ಆ ತಂಡ ಸೋತದ್ದು ಪ್ರತಿಭೆಯ ಅಭಾವದಿಂದಲ್ಲ. ಸ್ಥಾನಗಳನ್ನು ಸಮುದಾಯಗಳ ಲೆಕ್ಕದಲ್ಲಿ ಹಂಚಲಾಯಿತು, ನಾಯಕತ್ವವನ್ನು ಕಿರೀಟ ನೋಡಿ ಕೊಡಲಾಯಿತು. ಎದುರಾಳಿಯ ಬಲಹೀನತೆಯನ್ನು ಎಲ್ಲರಿಗಿಂತ ಚೆನ್ನಾಗಿ ಓದಬಲ್ಲ ಆಟಗಾರನಿಗೆ ಎಸೆಯುವ ಕೆಲಸ ಮಾತ್ರ ಉಳಿಯಿತು. ಆ ಕೆಲಸವನ್ನು ಬಾಳೂ ಋತುವಿನ ಕೊನೆಯ ದಿನದವರೆಗೂ ಒಂದು ಮಾತು ಆಡದೆ ಮಾಡಿದರು. ಅಬ್ಬಿಗೇರಿಯ ಎರೆಹೊಲದಲ್ಲಾಗಲಿ ಧಾರವಾಡದ ಕಾಲೇಜು ಮೈದಾನದಲ್ಲಾಗಲಿ ಮುಂದಿನ ಸಲ ತಂಡ ಕಟ್ಟುವಾಗ, ನಾಯಕನನ್ನು ಆರಿಸುವ ಮೊದಲು ಅವರನ್ನೊಮ್ಮೆ ನೆನೆದರೆ ಸಾಕು.